ವ್ರಣರೋಪಣ ವಿಚಾರ





ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳನ್ನೊಳಗೊಂಡ ಈ ಸೀಮೆಯು ಕಲ್ಲಿನ ಸೀಮೆಯೆಂಬುದನ್ನು ಹೊಸದಾಗಿ ಹೇಳಬೇಕಾದುದಿಲ್ಲ. ಎರೆಯ ಕರಿಮಣ್ಣಿನ ಕೆಳಗೆ ಸುಣ್ಣಗಲ್ಲು ಪದರು ಪದರಾಗಿ ಹಾಸಿಕೊಂಡಿರುವುದು. ಅದನ್ನೇ ಶಹಾಬಾದಿ ಫರಸಿಯೆಂದು ಎಬ್ಬಿಸಿ ದೂರದೂರದ ಮನೆಮಠಗಳ ನೆಲಕ್ಕೆ ಹಾಸುವರು. ಅದನ್ನೇ ಅರೆದು ಸುಟ್ಟು ಸಿಮೆಂಟು ಮಾಡುವರು. ಇಂಥ ನಾಡಿನಲ್ಲಿ ಗಾಯವೆಂಬುದು ದಿನದ ಮಾತು. ಖಣಿಯಲ್ಲಿ ಚಾಣವು ಜಾರಿ ಹೆಬ್ಬೆರಳನ್ನು ಸೀಳುವುದು. ಎಬ್ಬಿಸಿದ ಫರಸಿಯ ಅಂಚು ಮುಂಗಾಲನ್ನು ಕೊಯ್ಯುವುದು. ಹಸಿ ಸಿಮೆಂಟಿನಲ್ಲಿ ಬರಿಗಾಲಿನಿಂದ ನಿಂತವನ ಚರ್ಮವನ್ನು ಅದರ ಕ್ಷಾರವು ಸದ್ದಿಲ್ಲದೆ ಸುಡುವುದು. ತೊಗರಿಯನ್ನು ಕೊಯ್ದ ಹೊಲದಲ್ಲಿ ಉಳಿದ ಕೂಳೆಯು ಮೊಳೆಯಂತೆ ಪಾದವನ್ನು ಚುಚ್ಚುವುದು. ಚಿಂಚೋಳಿಯ ಅಡವಿಯಂಚಿನ ತಾಂಡಾಗಳಲ್ಲಿ ಕಟ್ಟಿಗೆಗೆ ಹೋದವರಿಗೆ ಮುಳ್ಳು ತಪ್ಪಿದ್ದಲ್ಲ. ಕಾಯಕದಿಂದ ಬಾಳುವವನಿಗೆ ಕೈಕಾಲುಗಳೇ ಬಂಡವಾಳವು. ಅವುಗಳ ಗಾಯವು ಮಾಯುವುದೋ ಇಲ್ಲವೋ ಎಂಬುದು ಅವನ ಮನೆಯ ಒಲೆ ಉರಿಯುವುದೋ ಇಲ್ಲವೋ ಎಂಬ ಪ್ರಶ್ನೆಯೇ ಆಗಿರುವುದು.

ಗಾಯವನ್ನು ಮಾಯಿಸುವವರು ಯಾರು? ವೈದ್ಯನು ಹೊಲಿಗೆ ಹಾಕಿದನೆಂದರೆ ಅವನು ಮಾಡಿದುದು ಇಷ್ಟೇ: ಬೇರ್ಪಟ್ಟ ಎರಡು ಅಂಚುಗಳನ್ನು ಹತ್ತಿರಕ್ಕೆ ತಂದನು. ಹೊಲಿದ ದಾರವು ಚರ್ಮವಾಗಲಾರದು, ಹಚ್ಚಿದ ಮುಲಾಮು ಮಾಂಸವಾಗಲಾರದು. ಕೂಡುವ ಕೆಲಸವನ್ನು ಶರೀರವೇ ಮಾಡಿಕೊಳ್ಳುವುದು. ಶಿವನು ಮಾಯಿಸಿದನೆಂದು ಭಕ್ತನು ಹೇಳುವ ಮಾತು ಸುಳ್ಳಲ್ಲ. ಆದರೆ ಶಿವನ ಕೆಲಸವು ಯಾವ ಕ್ರಮದಿಂದ ನಡೆಯುವುದೆಂಬುದನ್ನು ಅರಿತರೆ, ಆ ಕ್ರಮಕ್ಕೆ ಅಡ್ಡಬರುವ ತಪ್ಪನ್ನಾದರೂ ಭಕ್ತನು ಬಿಡಬಹುದು. ಈ ಉಪನ್ಯಾಸದ ಉದ್ದೇಶವು ಇದೇ.

ಈ ವಿಚಾರವು ಭಾರತೀಯರಿಗೆ ಹೊಸದಲ್ಲ. ಸುಶ್ರುತಸಂಹಿತೆಯು ಹೊರಗಿನ ಪೆಟ್ಟಿನಿಂದಾಗುವ ಗಾಯಗಳನ್ನು ಛಿನ್ನ, ಭಿನ್ನ, ವಿದ್ಧ, ಕ್ಷತ, ಪಿಚ್ಚಿತ, ಘೃಷ್ಟವೆಂದು ಆರು ವಿಧವಾಗಿ ವಿಂಗಡಿಸಿರುವುದು. ವ್ರಣಕ್ಕೆ ಅರವತ್ತು ಉಪಕ್ರಮಗಳನ್ನು ಎಣಿಸಿ, ಶೋಧನವನ್ನೂ ರೋಪಣವನ್ನೂ ಅವುಗಳಲ್ಲಿ ಸೇರಿಸಿರುವುದು. ಮೊದಲು ಶುದ್ಧಿ, ಆಮೇಲೆ ಮಾಯಿಸುವಿಕೆ ಎಂಬ ಈ ಕ್ರಮವನ್ನು ಇಂದಿನ ಆಸ್ಪತ್ರೆಗಳೂ ಮೀರಿಲ್ಲ. ಇದೇ ಸೇಡಂ ತಾಲೂಕಿನಲ್ಲಿ ಕಾಗಿಣೆಯ ದಡದ ಮಳಖೇಡವು ಮಾನ್ಯಖೇಟವೆಂಬ ಹೆಸರಿನಿಂದ ರಾಷ್ಟ್ರಕೂಟರ ರಾಜಧಾನಿಯಾಗಿದ್ದಾಗ, ೯ನೆಯ ಶತಮಾನದಲ್ಲಿ, ಉಗ್ರಾದಿತ್ಯನೆಂಬ ಜೈನಮುನಿಯು ಸಂಸ್ಕೃತದಲ್ಲಿ ‘ಕಲ್ಯಾಣಕಾರಕ’ವೆಂಬ ವೈದ್ಯಗ್ರಂಥವನ್ನು ರಚಿಸಿದನು, ಔಷಧಕ್ಕೆ ಮಾಂಸವು ಬೇಡವೆಂದು ಅವನು ವಾದಿಸಿದುದು ನೃಪತುಂಗನ ಆಸ್ಥಾನದಲ್ಲಿ. ಬಸವಾದಿ ಪ್ರಮಥರ ಕಾಲದಲ್ಲಿಯೂ ವೈದ್ಯ ಸಂಗಣ್ಣನೆಂಬ ಶರಣನು ವೈದ್ಯವೃತ್ತಿಯನ್ನೇ ಕಾಯಕವಾಗಿ ನಡೆಸಿದವನು. ಆದರೆ ಪ್ರಾಚೀನರ ಬಳಿ ಸೂಕ್ಷ್ಮದರ್ಶಕವಿರಲಿಲ್ಲ. ಗಾಯವು ಮಾಯುವುದನ್ನು ಅವರು ಚೆನ್ನಾಗಿ ಕಂಡರು. ಒಳಗೆ ಯಾರು ಕೆಲಸ ಮಾಡುತ್ತಿರುವರೆಂಬುದನ್ನು ಕಾಣುವ ಸಾಧನವು ಅವರಿಗೆ ಇರಲಿಲ್ಲ. ಹಳೆಯ ಗ್ರಂಥದಲ್ಲಿ ಎಲ್ಲವೂ ಇದೆಯೆಂದು ಹೇಳುವುದು ಗ್ರಂಥಕ್ಕೆ ಸಲ್ಲಿಸುವ ಗೌರವವೆಂದು ಕೆಲವರು ಎಣಿಸುವರು. ಅದು ಗ್ರಂಥವನ್ನು ಓದದವರ ಗೌರವವು.

ಮೊದಲು ಚರ್ಮದ ಸಂಗತಿಯನ್ನು ನೋಡುವ. ಗಾಯವಾದ ಕೆಲವು ನಿಮಿಷಗಳಲ್ಲಿ ರಕ್ತವು ಹೆಪ್ಪುಗಟ್ಟಿ ಬಾಯಿಯನ್ನು ಮುಚ್ಚುವುದು. ಬಳಿಕ ರಕ್ತದ ಬಿಳಿಯ ಕಣಗಳು ಗುಂಪುಗುಂಪಾಗಿ ಬಂದು ಹೊರಗಿನಿಂದ ನುಗ್ಗಿದ ರೋಗಾಣುಗಳನ್ನೂ ಸತ್ತ ಚೂರುಗಳನ್ನೂ ತಿಂದು ನೆಲವನ್ನು ಹಸನು ಮಾಡುವವು. ಗಾಯದ ಸುತ್ತ ಕೆಂಪೇರಿ ಬಿಸಿಯಾಗಿ ಊದಿಕೊಳ್ಳುವುದು ಈ ಕೆಲಸದ ಗುರುತೇ ಆಗಿದೆ. ಕೆಲವು ದಿನಗಳಲ್ಲಿ ತಂತುಗಳನ್ನು ನೇಯುವ ಜೀವಕೋಶಗಳು ಬಂದು ಕೊಲ್ಲಾಜನ್ ಎಂಬ ಗಟ್ಟಿ ನಾರನ್ನು ಹೆಣೆಯತೊಡಗುವವು; ಸಣ್ಣ ರಕ್ತನಾಳಗಳು ಹೊಸದಾಗಿ ಚಿಗುರುವವು; ಅಂಚಿನ ಚರ್ಮಕೋಶಗಳು ಇರುವೆಯಂತೆ ಒಳಮುಖವಾಗಿ ತೆವಳಿ ನಡುವೆ ಕೂಡಿಕೊಳ್ಳುವವು. ಆಮೇಲೆ ತಿಂಗಳುಗಟ್ಟಲೆ ಆ ನಾರು ಬಿಗಿದುಕೊಳ್ಳುತ್ತ ಹೋಗುವುದು. ಇಷ್ಟಾದರೂ ಕಲೆಯ ಚರ್ಮವು ಮೊದಲಿನ ಬಲದ ನೂರಕ್ಕೆ ೮೦ ಪಾಲನ್ನು ಮೀರದು. ಮೂರು ವಾರಗಳ ಗಾಯಕ್ಕೆ ಅದರ ಕಾಲುಭಾಗದಷ್ಟು ಬಲವೂ ಬಂದಿರುವುದು ಕಷ್ಟ. ಹೊಲಿಗೆ ತೆಗೆದ ಮರುದಿನವೇ ಸಬ್ಬಲ ಹಿಡಿಯುವವನ ಗಾಯವು ಮತ್ತೆ ಬಾಯ್ದೆರೆಯುವುದಕ್ಕೆ ಇದೇ ಕಾರಣ. ಕಲೆಯಲ್ಲಿ ಕೂದಲು ಹುಟ್ಟದು, ಬೆವರು ಒಸರದು.

ಗಾಯವಾಯಿತೆಂಬ ಸುದ್ದಿಯು ಒಳಗಿನ ಕೋಶಗಳಿಗೆ ಹೇಗೆ ಮುಟ್ಟುವುದು? ಈ ಪ್ರಶ್ನೆಗೆ ಒಂದು ಉತ್ತರವನ್ನು ಕಾಲಿನ್ ಜಮೋರಾ ಎಂಬ ವಿಜ್ಞಾನಿಯೂ ಸಂಗಡಿಗರೂ ೨೦೦೯ರಲ್ಲಿ ಅಮೇರಿಕೆಯಿಂದ ಪ್ರಕಟಿಸಿದರು. ಚರ್ಮದ ಮೇಲ್ಪದರಿನ ಕೋಶಗಳಲ್ಲಿ ಕಾಸ್ಪೇಸ್-೮ ಎಂಬ ಒಂದು ದ್ರವ್ಯವಿರುವುದು. ಗಾಯವಾದಾಗ ಅದು ಕುಗ್ಗುವುದು. ಅದು ಕುಗ್ಗಿತೆಂದರೆ, ಆ ಕೋಶಗಳು ಮೊದಲೇ ಕೂಡಿಟ್ಟುಕೊಂಡಿದ್ದ ಇನ್ನೊಂದು ದ್ರವ್ಯವು ಹೊರಬಿದ್ದು, ಕೆಳಗಿನ ಮೂಲಕೋಶಗಳನ್ನು ಎಬ್ಬಿಸುವುದು, ರಕ್ಷಣೆಯ ಕಣಗಳನ್ನು ಕರೆಯುವುದು. ಓಲೆಯು ಬರೆದು ಸಿದ್ಧವಾಗಿಯೇ ಇರುವುದು. ಪೆಟ್ಟು ಬಿದ್ದೊಡನೆ ಅದನ್ನು ರವಾನಿಸುವುದಷ್ಟೇ ಬಾಕಿ. ಆ ವಿಜ್ಞಾನಿಯು ಮುಂದೆ ಬೆಂಗಳೂರಿಗೆ ಬಂದು, ೨೦೦೯ರಲ್ಲಿ ಕೇಂದ್ರ ಸರಕಾರವು ಸ್ಥಾಪಿಸಿದ ‘ಇನ್‌ಸ್ಟೆಮ್’ ಎಂಬ ಮೂಲಕೋಶ ಸಂಶೋಧನಾ ಸಂಸ್ಥೆಯಲ್ಲಿ ಇದೇ ಅಭ್ಯಾಸವನ್ನು ಮುಂದುವರಿಸಿದನು. ಕನ್ನಡನಾಡಿನ ರಾಜಧಾನಿಯಲ್ಲಿಯೇ ಇಂಥ ಸಂಶೋಧನೆಯು ನಡೆದಿರುವುದು ಈ ಸೀಮೆಯ ವಿದ್ಯಾರ್ಥಿಗಳ ಕಿವಿಗೆ ಬೀಳಬೇಕು.

ಚರ್ಮದ ವಿಷಯದಲ್ಲಿ ಕರ್ನಾಟಕಕ್ಕೆ ಸಂಬಂಧಿಸಿದ ಒಂದು ಹಳೆಯ ಕಥೆಯು ಜಗತ್ತಿನ ವೈದ್ಯರಿಗೆಲ್ಲ ಗೊತ್ತು. ಇಲ್ಲಿಯವರಿಗೆ ಅಷ್ಟಾಗಿ ಗೊತ್ತಿಲ್ಲ. ೧೭೯೨ರಲ್ಲಿ ಮುಗಿದ ಮೈಸೂರಿನ ಯುದ್ಧದಲ್ಲಿ ಇಂಗ್ಲಿಷರ ದಂಡಿನ ಎತ್ತುಗಳನ್ನು ಹೊಡೆಯುತ್ತಿದ್ದ ಕಾವಸಜಿ ಎಂಬ ಮರಾಠಾ ಒಕ್ಕಲಿಗನು ಟೀಪುವಿನ ಕಡೆಯವರಿಗೆ ಸೆರೆಸಿಕ್ಕನು. ಅವನ ಮೂಗನ್ನೂ ಒಂದು ಕೈಯನ್ನೂ ಕೊಯ್ದರು. ಒಂದು ವರ್ಷ ಮೂಗಿಲ್ಲದೆ ಇದ್ದ ಬಳಿಕ, ಪುಣೆಯ ಸಮೀಪದಲ್ಲಿ ಇಟ್ಟಿಗೆಗಾರರ ಕುಲದ ಒಬ್ಬನು ಅವನಿಗೆ ಹೊಸ ಮೂಗನ್ನು ಮಾಡಿಕೊಟ್ಟನು. ಮೇಣದಿಂದ ಮೂಗಿನ ಅಳತೆಯನ್ನು ತೆಗೆದು, ಅದನ್ನು ಹಣೆಯ ಮೇಲೆ ಹರಡಿ, ಅದರ ಸುತ್ತ ಗೆರೆ ಕೊರೆದು, ಚರ್ಮವನ್ನು ಬಿಡಿಸಿ ಕೆಳಕ್ಕೆ ತಿರುವಿ ಕೂಡಿಸಿದನು. ಕಣ್ಣುಗಳ ನಡುವಿನ ಒಂದು ಚಿಕ್ಕ ಎಳೆಯನ್ನು ಮಾತ್ರ ಅವನು ಕತ್ತರಿಸಲಿಲ್ಲ. ಇದರಲ್ಲಿಯೇ ಅವನ ಜಾಣ್ಮೆಯೆಲ್ಲ ಇರುವುದು. ಆ ಎಳೆಯ ಮೂಲಕ ರಕ್ತವು ಹರಿಯುತ್ತಿದ್ದುದರಿಂದ ಬಿಡಿಸಿದ ಚರ್ಮವು ಸಾಯದೆ ಉಳಿಯಿತು. ಸುಮಾರು ೨೫ನೆಯ ದಿನಕ್ಕೆ ಹೊಸ ಸ್ಥಳದಿಂದಲೇ ರಕ್ತನಾಳಗಳು ಬೆಳೆದು ಸೇರಿದ ಮೇಲೆ ಎಳೆಯನ್ನು ಕತ್ತರಿಸಿದರು. ೧೭೯೪ರ ಅಕ್ಟೋಬರದಲ್ಲಿ ಲಂಡನ್ನಿನ ಒಂದು ಮಾಸಪತ್ರಿಕೆಯು ಇದನ್ನು ಚಿತ್ರಸಹಿತ ಅಚ್ಚುಮಾಡಿತು. ೧೮೧೪ರಲ್ಲಿ ಕಾರ್ಪ್ಯೂ ಎಂಬ ಆಂಗ್ಲ ಶಸ್ತ್ರವೈದ್ಯನು ಇದನ್ನೇ ಅನುಸರಿಸಿ ಲಂಡನ್ನಿನಲ್ಲಿ ಮೂಗನ್ನು ಕಟ್ಟಿದನು. ಸುಶ್ರುತನು ಹೇಳಿದುದು ಕೆನ್ನೆಯ ಚರ್ಮದಿಂದ. ಪುಣೆಯವನು ಮಾಡಿದುದು ಹಣೆಯ ಚರ್ಮದಿಂದ. ಸಂಸ್ಕೃತವನ್ನೇ ಅರಿಯದ ಕೈಗಳಲ್ಲಿ ಈ ವಿದ್ಯೆಯು ಬದುಕಿ ಉಳಿದಿತ್ತೆಂಬುದು ಕಾಯಕವನ್ನು ಗೌರವಿಸುವ ಈ ಸಭೆಗೆ ಸಂತೋಷದ ಸಂಗತಿಯೇ ಸರಿ.

ಈಗ ಚರ್ಮವನ್ನು ಮೈಯ ಹೊರಗೂ ಬೆಳೆಯಿಸಬಲ್ಲರು. ಅಮೇರಿಕೆಯ ಹವರ್ಡ್ ಗ್ರೀನ್ ಮತ್ತು ರೈನ್‌ವಾಲ್ಡ್ ಎಂಬವರು ೧೯೭೫ರಲ್ಲಿ ಆ ಕ್ರಮವನ್ನು ತೋರಿಸಿದರು. ೧೯೮೩ರಲ್ಲಿ ಮೈಯ ನೂರಕ್ಕೆ ೯೫ಕ್ಕೂ ಮಿಕ್ಕಿ ಸುಟ್ಟುಹೋಗಿದ್ದ ಇಬ್ಬರು ಬಾಲಕ ಸಹೋದರರಿಗೆ, ಅವರದೇ ಸುಡದೆ ಉಳಿದ ಚೂರು ಚರ್ಮದಿಂದ ಹಾಳೆಹಾಳೆಯಾಗಿ ಚರ್ಮವನ್ನು ಬೆಳೆಯಿಸಿ ಹೊದಿಸಿದರು, ಇಬ್ಬರೂ ಬದುಕಿದರು.

ಇನ್ನು ಮಾಂಸಪೇಶಿ. ಇಲ್ಲಿ ಒಂದು ಮಾತಿನ ಗೊಂದಲವನ್ನು ತಿಳಿಸಿಬಿಡುವುದು ಒಳ್ಳೆಯದು. ಆಯುರ್ವೇದದಲ್ಲಿ ಸ್ನಾಯುವೆಂದರೆ ಕೀಲುಗಳನ್ನು ಕಟ್ಟುವ ನಾರು. ಈಗಿನ ಶಾಲೆಯ ಪುಸ್ತಕಗಳು ಮಾಂಸಪೇಶಿಯನ್ನೇ ಸ್ನಾಯುವೆನ್ನುವವು. ಕೈಯನ್ನು ಎತ್ತುವ, ಕಾಲನ್ನು ಮಡಿಸುವ ಮಾಂಸಕ್ಕೆ ಇಲ್ಲಿ ಪೇಶಿಯೆಂದೇ ಹೇಳಲಾಗುವುದು.

ಪೇಶಿಯ ಎಳೆಗಳು ತಾವಾಗಿ ಎರಡಾಗಿ ಒಡೆದು ಹೆಚ್ಚಲಾರವು. ಹಾಗಾದರೆ ಹರಿದ ಪೇಶಿಯು ಹೇಗೆ ಕೂಡುವುದು? ೧೯೬೧ರಲ್ಲಿ ಮೌರೋ ಎಂಬವನು ಕಪ್ಪೆಯ ಪೇಶಿಯನ್ನು ವಿದ್ಯುತ್ಕಣಗಳ ಸೂಕ್ಷ್ಮದರ್ಶಕದಿಂದ ನೋಡುವಾಗ, ಪ್ರತಿಯೊಂದು ಎಳೆಯ ಮಗ್ಗುಲಲ್ಲಿ, ಅದರ ಹೊದಿಕೆಯ ಒಳಗೇ, ಅಲ್ಲೊಂದು ಇಲ್ಲೊಂದು ಚಿಕ್ಕ ಕೋಶವು ಅಡಗಿ ಕುಳಿತಿರುವುದನ್ನು ಕಂಡನು. ಅವು ಸಾಮಾನ್ಯವಾಗಿ ಮಲಗಿಯೇ ಇರುವವು. ಪೇಶಿಗೆ ಪೆಟ್ಟಾದಾಗ ಎಚ್ಚತ್ತು, ಒಂದು ಎರಡಾಗಿ ಎರಡು ನಾಲ್ಕಾಗಿ ಹೆಚ್ಚಿ, ಒಂದರೊಡನೊಂದು ಬೆಸೆದುಕೊಂಡು ಹೊಸ ಎಳೆಯಾಗುವವು. ಕೆಲವು ಮಾತ್ರ ಪುನಃ ಹಿಂದಿನ ಸ್ಥಾನಕ್ಕೆ ಹೋಗಿ ಮುಂದಿನ ಪೆಟ್ಟಿಗಾಗಿ ಮಲಗುವವು. ಆ ನಿದ್ರೆಯು ಎಂಥದು? ವಾಡಿಯಿಂದ ಚಿತ್ತಾಪುರ, ಸೇಡಂ ಮಾರ್ಗವಾಗಿ ರೈಲು ಹೋಗಿ ಸೇರುವ ಹೈದರಾಬಾದಿನಲ್ಲಿ ಸಿ.ಸಿ.ಎಂ.ಬಿ. ಎಂಬ ಸಂಶೋಧನಾ ಕೇಂದ್ರವಿರುವುದು. ಅಲ್ಲಿಯೂ ಬೆಂಗಳೂರಿನ ಇನ್‌ಸ್ಟೆಮಿನಲ್ಲಿಯೂ ಕೆಲಸ ಮಾಡಿದ ಜ್ಯೋತ್ಸ್ನಾ ಧವನ್ ಎಂಬ ವಿದುಷಿಯು ಬಹುವರ್ಷ ಅಭ್ಯಸಿಸಿದುದು ಈ ನಿದ್ರೆಯನ್ನೇ. ಅದು ಜಡತ್ವವಲ್ಲವೆಂದೂ, ಯಾವ ಕ್ಷಣದಲ್ಲಾದರೂ ಏಳುವ ಸಿದ್ಧತೆಯನ್ನು ಕಾಯ್ದುಕೊಳ್ಳುವ ಒಂದು ನಿಯತ ಸ್ಥಿತಿಯೆಂದೂ ಇಂಥ ಅಭ್ಯಾಸಗಳಿಂದ ತಿಳಿದುಬಂದಿರುವುದು. ಯೋಗನಿದ್ರೆಯ ಮಾತನ್ನು ಕೇಳಿ ಬೆಳೆದವರಿಗೆ ಇದು ವಿಚಿತ್ರವೆಂದು ತೋರಲಾರದು. ಹೃದಯದ ಪೇಶಿಗೆ ಮಾತ್ರ ಇಂಥ ಕಾವಲುಗಾರರಿಲ್ಲ; ಆದುದರಿಂದ ಹೃದಯಾಘಾತದಲ್ಲಿ ಸತ್ತ ಭಾಗವು ಬರಿಯ ಕಲೆಯಾಗಿ ಉಳಿಯುವುದು.

ಪೇಶಿಗೆ ಇನ್ನೊಂದು ಪರಾಧೀನತೆಯುಂಟು. ಅದಕ್ಕೆ ನರದ ಅಪ್ಪಣೆಯು ಬರುತ್ತಿರಬೇಕು. ನರವು ಕತ್ತರಿಸಿದರೆ ಗಾಯವಿಲ್ಲದ ಪೇಶಿಯೂ ಒಣಗುತ್ತ ಹೋಗಿ, ಒಂದೆರಡು ವರ್ಷ ಕಳೆದ ಮೇಲೆ ನರವು ಬಂದು ತಲುಪಿದರೂ ಏಳಲಾರದಂತಾಗುವುದು.

ನರದ ವಿಚಾರದಲ್ಲಿಯೇ ಹೆಚ್ಚು ನಿಲ್ಲಬೇಕಾಗಿದೆ. ೧೮೫೦ರಲ್ಲಿ ಲಂಡನ್ನಿನಲ್ಲಿ ವಾಲರ್ ಎಂಬವನು ಕಪ್ಪೆಯ ನಾಲಗೆಯ ನರಗಳನ್ನು ಕತ್ತರಿಸಿ ನೋಡಿದನು. ಕತ್ತರಿಸಿದ ಸ್ಥಳದಿಂದ ತುದಿಯವರೆಗಿನ ಭಾಗವೆಲ್ಲ ಅಳಿದುಹೋಯಿತು. ಮೂಲದೊಡನೆ ಕೂಡಿದ್ದ ಭಾಗವು ಉಳಿಯಿತು. ಬೇರಿನ ಕಡೆಯ ಬಳ್ಳಿ ಬದುಕಿ, ತುದಿಯ ಕಡೆಯ ಬಳ್ಳಿ ಬಾಡಿದಂತೆ. ಆಮೇಲೆ ಮೂಲದ ಕಡೆಯಿಂದ ಹೊಸ ಕುಡಿಯು ಹೊರಡುವುದು. ಬೆಳೆಯುವ ನರದ ತುದಿಯಲ್ಲಿ ಹಾದಿಯನ್ನು ತಡವುವ ಒಂದು ಮೊಗ್ಗು ಇರುವುದೆಂಬುದನ್ನು ೧೮೯೦ರಲ್ಲಿ ಸ್ಪೇನ್ ದೇಶದ ಕಾಹಾಲ್ ಎಂಬ ಮಹಾನುಭಾವನು ಕಂಡನು. ಅಳಿದ ನರದ ಕೊಳವೆಯಲ್ಲಿ ಉಳಿದ ಸಹಾಯಕ ಕೋಶಗಳು ಸಾಲಾಗಿ ನಿಂತು ಆ ಕುಡಿಗೆ ಹಾದಿ ತೋರಿಸುವವು. ಆದರೆ ಅದರ ನಡಿಗೆಯು ಬಹು ಮಂದ: ದಿನಕ್ಕೆ ಸುಮಾರು ೧ ಮಿಲಿಮೀಟರ್. ಮೊಣಕೈಯ ಬಳಿ ನರವು ಕತ್ತರಿಸಿದರೆ ಬೆರಳಿನ ತುದಿಯವರೆಗೆ ಅರಿವು ಬರಬೇಕಾದರೆ ಒಂದು ವರ್ಷವೂ ಮಿಕ್ಕಿ ಹಿಡಿಯುವುದು. ಮೂರು ತಿಂಗಳಿಗೆ ಗುಣ ಕಾಣದೆಂದು ಬೇಸತ್ತು ಚಿಕಿತ್ಸೆಯನ್ನು ಬಿಡುವವರು ಈ ಲೆಕ್ಕವನ್ನು ತಿಳಿದಿರಬೇಕು.

ಹೆನ್ರಿ ಹೆಡ್ ಎಂಬ ಲಂಡನ್ನಿನ ವೈದ್ಯನು ರೋಗಿಗಳ ಮಾತಿನಿಂದ ತೃಪ್ತನಾಗದೆ, ೧೯೦೩ರ ಏಪ್ರಿಲದಲ್ಲಿ ತನ್ನ ಎಡತೋಳಿನ ಚರ್ಮಕ್ಕೆ ಹೋಗುವ ನರವನ್ನು ತಾನೇ ಕತ್ತರಿಸಿಕೊಳ್ಳಿಸಿ ಮತ್ತೆ ಹೊಲಿಸಿಕೊಂಡನು. ನೀಲಗಿರಿಯ ತೊದವರ ನಡುವೆ ಇದ್ದು ಅವರ ವೃತ್ತಾಂತವನ್ನು ಬರೆದ ರಿವರ್ಸ್ ಎಂಬ ಪಂಡಿತನೇ ಕೇಂಬ್ರಿಜಿನಲ್ಲಿ ನಾಲ್ಕು ವರ್ಷ ಆ ಕೈಯನ್ನು ಚುಚ್ಚಿ, ಸವರಿ, ಬಿಸಿ ತಣ್ಣಗೆ ಮಾಡಿ ಪರೀಕ್ಷಿಸಿದನು. ಇಬ್ಬರೂ ಕೂಡಿ ೧೯೦೮ರಲ್ಲಿ ಪ್ರಕಟಿಸಿದುದೇನೆಂದರೆ, ಮೊದಲು ಮರಳುವುದು ಚುಚ್ಚಿದ ನೋವು, ಅತಿಶೀತ, ಅತಿಉಷ್ಣ. ಅದೂ ಎಲ್ಲಿ ಎಂಬುದು ಸ್ಪಷ್ಟವಾಗದಂತೆ ಹರಡಿಕೊಂಡು. ನವುರಾದ ಸ್ಪರ್ಶವೂ ಸ್ಥಳದ ನಿಖರವಾದ ಅರಿವೂ ಬಹುಕಾಲದ ಮೇಲೆ. ಶರೀರವು ಮೊದಲು ಕಾವಲನ್ನು ಕಟ್ಟುವುದು, ಸುಖವನ್ನು ಆಮೇಲೆ ನೋಡಿಕೊಳ್ಳುವುದು.

ಬೆನ್ನುಹುರಿಯ ನರಗಳು ಮಾತ್ರ ಕತ್ತರಿಸಿದರೆ ಮತ್ತೆ ಬೆಳೆಯವು. ಖಣಿಯಲ್ಲಿ ಬಂಡೆಯುರುಳಿ ಬೆನ್ನು ಮುರಿದವನ ಕಾಲು ಏಳದಿರುವುದಕ್ಕೆ ಇದೇ ಕಾರಣ. ಬಹುಕಾಲ ಎಲ್ಲರೂ ತಿಳಿದಿದ್ದುದು ಆ ನರಗಳ ಸ್ವಭಾವವೇ ಹಾಗೆ ಎಂದು. ೧೯೮೧ರಲ್ಲಿ ಕೆನಡಾದ ಅಗುವಾಯೊ ಮತ್ತು ಡೇವಿಡ್ ಎಂಬವರು ಇಲಿಯ ಕಾಲಿನ ನರದ ತುಂಡನ್ನು ತೆಗೆದು ಅದರ ಬೆನ್ನುಹುರಿಗೆ ಸೇತುವೆಯಂತೆ ಕೂಡಿಸಿದರು. ಬೆಳೆಯಲಾರವೆಂದು ಎಲ್ಲರೂ ಕೈಬಿಟ್ಟಿದ್ದ ನರಗಳು ಆ ಸೇತುವೆಯೊಳಗೆ ಸೇರಿ ಸುಮಾರು ೩ ಸೆಂಟಿಮೀಟರ್ ಬೆಳೆದವು. ಕೊರತೆಯು ನರದ ಶಕ್ತಿಯಲ್ಲಿರಲಿಲ್ಲ, ಅದರ ಸುತ್ತಣ ಆವರಣದಲ್ಲಿತ್ತು. ಮನುಷ್ಯನ ಬೆನ್ನುಹುರಿಯನ್ನು ಇನ್ನೂ ಹಾಗೆ ಕೂಡಿಸಲು ಬಂದಿಲ್ಲ. ಬರುವುದೆಂದು ಹೇಳಿ ಹಣ ಕೇಳುವವರಿಂದ ದೂರವಿರುವುದು ಲೇಸು.

ಶಕ್ತಿಯು ಇದ್ದೂ ಆವರಣವು ಕೆಟ್ಟುದರಿಂದ ಗಾಯವು ಮಾಯದಿರುವುದೆಂಬ ಈ ಮಾತಿಗೆ ಅದಕ್ಕಿಂತ ಮೂವತ್ತು ವರ್ಷ ಮೊದಲೇ ದಕ್ಷಿಣದಲ್ಲಿ ಒಂದು ದೊಡ್ಡ ಸಾಕ್ಷಿಯು ದೊರೆತಿತ್ತು. ತಮಿಳುನಾಡಿನ ಕೊಲ್ಲಿಬೆಟ್ಟಗಳಲ್ಲಿ ಬೆಳೆದು, ಇಂಗ್ಲಂಡದಲ್ಲಿ ಓದಿ, ೧೯೪೬ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿಗೆ ಬಂದ ಡಾಕ್ಟರ ಪಾಲ್ ಬ್ರಾಂಡ್ ಎಂಬವನು ಕುಷ್ಠರೋಗಿಗಳ ಕೈಕಾಲುಗಳನ್ನು ಪರೀಕ್ಷಿಸತೊಡಗಿದನು. ಕುಷ್ಠರೋಗಿಯ ಮಾಂಸವೇ ಕೆಟ್ಟದ್ದು, ಅದು ಮಾಯದು, ಬೆರಳುಗಳು ತಾವಾಗಿಯೇ ಉದುರುವವು ಎಂಬುದು ಆಗಿನ ವೈದ್ಯರಲ್ಲಿ ಅನೇಕರ ನಂಬಿಕೆಯೂ ಆಗಿತ್ತು. ಬ್ರಾಂಡನು ಕಂಡುದು ಬೇರೆ. ರೋಗಾಣುವು ನರವನ್ನು ಕೆಡಿಸುವುದು. ನರ ಕೆಟ್ಟುದರಿಂದ ನೋವು ತಿಳಿಯದು. ನೋವು ತಿಳಿಯದವನು ಬಿಸಿ ಪಾತ್ರೆಯನ್ನು ಬರಿಗೈಯಿಂದ ಹಿಡಿಯುವನು, ಕಾಲಿನಲ್ಲಿ ಮೊಳೆ ಹೊಕ್ಕಿದ್ದರೂ ದಿನವೆಲ್ಲ ನಡೆಯುವನು. ಮಲಗಿದಾಗ ಇಲಿಯು ಬೆರಳನ್ನು ಕಡಿದರೂ ಎಚ್ಚರವಾಗದು. ಬೆರಳು ಕಾಣೆಯಾದ ಕೆಲವು ರೋಗಿಗಳಿಗೆ ರಾತ್ರಿ ಕಾವಲಿಗಾಗಿ ಬೆಕ್ಕುಗಳನ್ನು ಕೊಟ್ಟರೆಂಬುದು ಕೇಳಲು ವಿನೋದ, ನೆನೆಯಲು ದುಃಖ. ಅವರ ಪಾದದ ಹಳೆಯ ಹುಣ್ಣನ್ನು ತೊಳೆದು, ಮೊಳಕಾಲಿನವರೆಗೆ ಪ್ಲಾಸ್ಟರ್ ಕಟ್ಟಿ, ಮೈಭಾರವು ಹುಣ್ಣಿನ ಮೇಲೆ ಬೀಳದಂತೆ ಮಾಡಿದಾಗ, ವರ್ಷಗಟ್ಟಲೆ ಮಾಯದಿದ್ದುದು ಕೆಲವು ವಾರಗಳಲ್ಲಿ ಮಾಯಿತು. ಮಾಂಸವು ಎಲ್ಲರ ಮಾಂಸದಂತೆಯೇ ಇತ್ತು. ಅದಕ್ಕೆ ವಿಶ್ರಾಂತಿಯೊಂದು ಬೇಕಾಗಿತ್ತು. ವಿಶ್ರಾಂತಿಯನ್ನು ಕೊಡಿಸುವ ನೋವೆಂಬ ಧಣಿಯು ಇಲ್ಲದೆ ಹೋಗಿದ್ದನು. ಶಾಪ, ಕರ್ಮ ಎಂದು ಊರಾಚೆ ನೂಕಿದ್ದ ಜನರ ವಿಷಯದಲ್ಲಿ ಸಮಾಜವು ಎಂಥ ತಪ್ಪನ್ನು ಮಾಡಿತ್ತೆಂಬುದು ಇದರಿಂದ ವಿಚಾರಿಸಬೇಕು. ಇಂದು ಕುಷ್ಠಕ್ಕೆ ಸರಕಾರಿ ಆಸ್ಪತ್ರೆಗಳಲ್ಲಿ ಬಿಟ್ಟಿಯಾಗಿ ಔಷಧವು ದೊರೆಯುವುದು; ನರವು ಕೆಡುವ ಮೊದಲೇ ತೆಗೆದುಕೊಂಡರೆ ಅಂಗವೈಕಲ್ಯವು ಬಾರದು. ಚರ್ಮದ ಮೇಲೆ ಸ್ಪರ್ಶಜ್ಞಾನವಿಲ್ಲದ ಮಚ್ಚೆ ಕಂಡವರು ಅದನ್ನು ಮುಚ್ಚಿಕೊಳ್ಳಲಾಗದು.

ಕುಷ್ಠವು ಈಗ ಕಡಿಮೆಯಾಗಿದೆ. ಆದರೆ ಅದೇ ಕೇಡನ್ನು ಸಕ್ಕರೆ ಬೇನೆಯು ಮನೆಮನೆಗೆ ತಂದಿರುವುದು. ಚರಕ ಸುಶ್ರುತರು ಪ್ರಮೇಹದ ಪೂರ್ವರೂಪವನ್ನು ಹೇಳುವಾಗಲೇ ಕೈಕಾಲುಗಳ ಉರಿಯನ್ನೂ ಮರಗಟ್ಟುವಿಕೆಯನ್ನೂ ಗುರುತಿಸಿದ್ದಾರೆ. ರಕ್ತದಲ್ಲಿ ಸಕ್ಕರೆಯು ಬಹುಕಾಲ ಹೆಚ್ಚಾಗಿದ್ದರೆ ಅತ್ಯಂತ ಉದ್ದವಾದ ನರಗಳು ಮೊದಲು ಕೆಡುವವು. ಅವು ಪಾದದ ನರಗಳೇ. ಅದರೊಡನೆ ರಕ್ತನಾಳಗಳು ಸಣ್ಣಗಾಗುವವು, ಬಿಳಿಯ ಕಣಗಳ ಚುರುಕು ಕುಗ್ಗುವುದು. ಹೀಗೆ ಚರ್ಮವು ಮಾಯುವುದಕ್ಕೆ ಬೇಕಾದ ರಕ್ತ, ಶುದ್ಧಿ, ವಿಶ್ರಾಂತಿ ಎಂಬ ಮೂರೂ ಒಟ್ಟಿಗೆ ತಪ್ಪುವವು. ವೆಲ್ಲೂರಿನಲ್ಲಿ ಕಲಿತ ಪ್ಲಾಸ್ಟರಿನ ಉಪಾಯವನ್ನು ಬ್ರಾಂಡನು ೧೯೬೦ರ ದಶಕದಲ್ಲಿ ಅಮೇರಿಕೆಗೆ ಒಯ್ದಾಗ, ಅದು ಅಲ್ಲಿಯ ಸಕ್ಕರೆ ಬೇನೆಯವರ ಪಾದಗಳನ್ನೂ ಉಳಿಸಿತು.

ಈಗ ಇಲ್ಲಿಯ ಕಲ್ಲಿಗೆ ಬರಬೇಕು. ಜಾತ್ರೆ, ಮದುವೆಗಳು ನಡೆಯುವ ಚೈತ್ರ ವೈಶಾಖಗಳಲ್ಲಿ ಈ ಸೀಮೆಯ ಬಿಸಿಲು ೪೦ ಡಿಗ್ರಿಯನ್ನು ಮೀರುವುದು. ಆ ಬಿಸಿಲಿನಲ್ಲಿ ಕಾದ ಫರಸಿಯು ಗಾಳಿಗಿಂತ ಎಷ್ಟೋ ಹೆಚ್ಚು ಸುಡುವುದೆಂಬುದು ಬರಿಗಾಲಿನಿಂದ ಓಡಿ ಪಡಸಾಲೆಯನ್ನು ಸೇರಿದ ಪ್ರತಿಯೊಬ್ಬನಿಗೂ ಗೊತ್ತು. ೬೦ ಡಿಗ್ರಿ ಕಾವಿನ ವಸ್ತುವು ಚರ್ಮವನ್ನು ಸುಡುವುದಕ್ಕೆ ಕೆಲವೇ ಸೆಕೆಂಡುಗಳು ಸಾಕು. ನೆಟ್ಟಗಿರುವ ಪಾದದವನು ಓಡುವನು. ಪಾದದ ಅರಿವು ಹೋದವನು ಓಡುವುದಿಲ್ಲ. ಸಾಲಿನಲ್ಲಿ ಶಾಂತವಾಗಿ ನಿ೦ತಿರುವನು, ಪ್ರದಕ್ಷಿಣೆಯನ್ನು ಪೂರ್ತಿ ಹಾಕುವನು, ಗದ್ದುಗೆಗೆ ನಮಸ್ಕರಿಸಿ ಪ್ರಸಾದವನ್ನು ಸ್ವೀಕರಿಸಿ ಮನೆಗೆ ಹೋಗುವನು. ಬೊಬ್ಬೆಗಳನ್ನು ಸಂಜೆ ಸೊಸೆಯೋ ಮೊಮ್ಮಗಳೋ ಕಾಣುವರು. ನೋಡಿದವರು ಅದನ್ನು ಭಕ್ತಿಯ ಸಹನೆಯೆಂದು ಕೊಂಡಾಡುವರು. ಅದು ಸಹನೆಯಲ್ಲ, ರೋಗದ ಲಕ್ಷಣವು. ಅಲ್ಲಿಂದ ಮುಂದೆ ಹುಣ್ಣು, ಹುಣ್ಣಿನಿಂದ ಕೀವು, ಕೀವಿನಿಂದ ಬೆರಳು, ಬೆರಳಿನಿಂದ ಪಾದ ಹೋಗುವುದುಂಟು.

ಪಾದರಕ್ಷೆಯನ್ನು ಕಳಚುವುದು ಆಚಾರವಲ್ಲವೇ, ಅದನ್ನು ಬಿಡಲಾದೀತೇ ಎಂದು ಕೇಳುವವರಿರುವರು. ಪ್ರಶ್ನೆಯು ಯೋಗ್ಯವಾದುದೇ. ಬೀದಿಯ ಹೊಲಸು ಒಳಗೆ ಬರಬಾರದೆಂಬುದೇ ಆ ಆಚಾರದ ತಾತ್ಪರ್ಯವಾದರೆ, ಮಠದೊಳಗೆ ಮಾತ್ರ ಮೆಡುವ ತೊಳೆದ ಮೆತ್ತನೆಯ ರಬ್ಬರಿನ ಮೆಟ್ಟಾಗಲಿ, ದಪ್ಪನೆಯ ಶುಭ್ರವಾದ ಬಟ್ಟೆಯ ಕಾಲುಚೀಲವಾಗಲಿ ಆ ತಾತ್ಪರ್ಯಕ್ಕೆ ವಿರುದ್ಧವಾಗದು. ರೋಗಿಗೆ ಉಪವಾಸದಿಂದ ವಿನಾಯಿತಿ ಕೊಟ್ಟ ಶಾಸ್ತ್ರವು ಇದಕ್ಕೆ ಕೊಡಲಾರದೆಂದು ಎಣಿಸಲು ಕಾರಣವಿಲ್ಲ. ಅಷ್ಟಾವರಣಗಳಲ್ಲಿ ಪಾದೋದಕವನ್ನು ಒಂದಾಗಿ ಎಣಿಸಿದ ಧರ್ಮವು ಪಾದವನ್ನು ಹೀನ ಅಂಗವೆಂದು ಎಂದೂ ತಿಳಿದಿಲ್ಲ. ಗುರುವಿನ ಪಾದಕ್ಕೆ ಅಷ್ಟು ಗೌರವವಿರುವಲ್ಲಿ ಭಕ್ತನ ಪಾದವು ಸುಡುವುದನ್ನು ನೋಡುತ್ತಿರುವುದು ಸಲ್ಲದು.

ಭಸ್ಮದ ವಿಷಯವನ್ನೂ ಹೇಳದೆ ಬಿಡಲಾಗದು. ಗಾಯಕ್ಕೆ ವಿಭೂತಿಯನ್ನೋ, ಒಲೆಯ ಬೂದಿಯನ್ನೋ, ಸಗಣಿಯನ್ನೋ, ಸುಣ್ಣವನ್ನೋ, ತಂಬಾಕನ್ನೋ ಮೆತ್ತುವ ರೂಢಿಯು ಹಳ್ಳಿಗಳಲ್ಲಿ ಉಂಟು. ಭಸ್ಮಧಾರಣೆಯ ಸ್ಥಾನಗಳು ಶಾಸ್ತ್ರದಲ್ಲಿ ನಿಯತವಾಗಿರುವವು. ತೆರೆದ ವ್ರಣವು ಅವುಗಳಲ್ಲಿ ಒಂದಲ್ಲ. ಧನುರ್ವಾಯುವಿನ ಬೀಜಗಳು ಮಣ್ಣಿನಲ್ಲಿಯೂ ಸಗಣಿಯಲ್ಲಿಯೂ ಇರುವವು. ಅವು ಆಳವಾದ ಗಾಯದೊಳಗೆ ಹೊಕ್ಕರೆ ಪ್ರಾಣಕ್ಕೇ ಅಪಾಯ. ಗಾಯಕ್ಕೆ ಶುದ್ಧವಾದ ಹರಿಯುವ ನೀರು, ಒಗೆದು ಒಣಗಿಸಿದ ಬಟ್ಟೆ, ಧನುರ್ವಾಯುವಿನ ಚುಚ್ಚುಮದ್ದು, ಇವು ಮೊದಲಿನ ಉಪಚಾರಗಳು. ಗಾಯವನ್ನು ಗಾಳಿಗೆ ಒಣಗಿಸಿ ಹಕ್ಕಳೆ ಕಟ್ಟಿಸಬೇಕೆಂಬುದೂ ಪೂರ್ಣ ಸರಿಯಲ್ಲ. ೧೯೬೨ರಲ್ಲಿ ವಿಂಟರ್ ಎಂಬವನು ಹಂದಿಗಳ ಮೇಲೆ ಮಾಡಿದ ಪ್ರಯೋಗದಲ್ಲಿ, ಮುಚ್ಚಿ ತೇವವಾಗಿಟ್ಟ ಗಾಯವು ಒಣಗಲು ಬಿಟ್ಟ ಗಾಯಕ್ಕಿಂತ ಬೇಗ ಚರ್ಮದಿಂದ ಮುಚ್ಚಿಕೊಂಡಿತು. ತೆವಳುವ ಕೋಶಗಳಿಗೆ ತೇವದ ಹಾದಿಯು ಸುಲಭವು.

ಆಹಾರವೂ ಔಷಧವೇ. ಬಾಸ್ಟನ್ನಿನ ಕ್ರಾಂಡನ್ ಎಂಬ ತರುಣ ಶಸ್ತ್ರವೈದ್ಯನು ತಾನೇ ತಿಂಗಳುಗಟ್ಟಲೆ ಹಣ್ಣು ತರಕಾರಿಗಳನ್ನು ಬಿಟ್ಟು, ಮೂರು ತಿಂಗಳ ಮೇಲೊಮ್ಮೆ, ಆರು ತಿಂಗಳ ಮೇಲೊಮ್ಮೆ ತನ್ನ ಬೆನ್ನಿಗೆ ಗಾಯ ಮಾಡಿಸಿಕೊಂಡನು. ಮೊದಲಿನ ಗಾಯವು ಮಾಯಿತು. ಎರಡನೆಯದು ಒಳಗೆ ಕೂಡಲಿಲ್ಲ. ಸಿ ಜೀವಸತ್ವವನ್ನು ಕೊಟ್ಟ ಮೇಲೆ ಕೂಡಿತು. ಇದನ್ನು ೧೯೪೦ರಲ್ಲಿ ಪ್ರಕಟಿಸಿದರು. ಆ ಸತ್ವವಿಲ್ಲದೆ ಕೊಲ್ಲಾಜನ್ ನಾರು ಗಟ್ಟಿಯಾಗದು. ನೆಲ್ಲಿ, ಪೇರಲ, ನಿಂಬೆಗಳಲ್ಲಿ ಅದು ಯಥೇಷ್ಟವಾಗಿರುವುದು. ಹೊಸ ಮಾಂಸಕ್ಕೆ ಬೇಕಾದ ಸಾರವು ಈ ಸೀಮೆಯ ತೊಗರಿಬೇಳೆಯಲ್ಲಿಯೇ ಇರುವುದು. ಗಾಯಾಳುವಿಗೆ ಬೇಳೆ ನಂಜೆಂದು ಗಂಜಿಯೊಂದನ್ನೇ ಕುಡಿಸುವವರು ಕೂಡುವ ಕೆಲಸಕ್ಕೆ ಸಾಮಗ್ರಿಯನ್ನೇ ತಪ್ಪಿಸುವರು. ಬೀಡಿಯು ರಕ್ತನಾಳವನ್ನು ಹಿಂಡುವುದರಿಂದ ಗಾಯವು ಇರುವವರೆಗಾದರೂ ಅದನ್ನು ದೂರವಿಡತಕ್ಕದ್ದು.

ಸಕ್ಕರೆ ಬೇನೆಯುಳ್ಳವರು ಮಾಡಬೇಕಾದುದು ದಿನಕ್ಕೆ ಐದು ನಿಮಿಷಗಳ ಕೆಲಸ. ಬೆಳಿಗ್ಗೆ ಸ್ನಾನವಾಗಿ ಲಿಂಗಪೂಜೆಗೆ ಕುಳಿತುಕೊಳ್ಳುವ ಮೊದಲು ಎರಡೂ ಪಾದಗಳ ಅಡಿಯನ್ನೂ ಬೆರಳುಗಳ ಸಂದುಗಳನ್ನೂ ಬೆಳಕಿನಲ್ಲಿ ನೋಡಿಕೊಳ್ಳುವುದು. ಬಗ್ಗಲಾರದವರು ನೆಲದ ಮೇಲೆ ಕನ್ನಡಿಯನ್ನಿಟ್ಟು ನೋಡುವುದು, ಕಣ್ಣು ಮಂಜಾದವರು ಮನೆಯವರಿಂದ ನೋಡಿಸುವುದು. ಮೆಟ್ಟನ್ನು ಹಾಕುವ ಮೊದಲು ಒಳಗೆ ಕೈಯಾಡಿಸಿ ಹರಳು ಮುಳ್ಳುಗಳಿಲ್ಲವೆಂದು ತಿಳಿಯುವುದು. ನೀರಿನ ಬಿಸಿಯನ್ನು ಪಾದದಿಂದಲ್ಲ, ಮೊಣಕೈಯಿಂದ ನೋಡುವುದು. ಆಸ್ಪತ್ರೆಯಲ್ಲಿ ೧೦ ಗ್ರಾಮಿನ ಒತ್ತಿಗೆ ಬಾಗುವ ಒಂದು ನೈಲಾನ್ ಎಳೆಯನ್ನು ಪಾದಕ್ಕೆ ತಾಗಿಸಿ ಅರಿವು ಇದೆಯೋ ಇಲ್ಲವೋ ನೋಡುವರು. ವರ್ಷಕ್ಕೊಮ್ಮೆಯಾದರೂ ಅದನ್ನು ಕೇಳಿ ಮಾಡಿಸಿಕೊಳ್ಳುವುದು.

ಮಠಮಂದಿರಗಳ ಕಡೆಯಿಂದ ಆಗಬೇಕಾದುದೂ ಬಹಳವಿಲ್ಲ. ಬೇಸಿಗೆಯಲ್ಲಿ ಮಹಾದ್ವಾರದಿಂದ ಗದ್ದುಗೆಯವರೆಗೆ ಗೋಣಿತಟ್ಟುಗಳನ್ನು ಹಾಸಿ, ತಾಸಿಗೊಮ್ಮೆ ನೀರು ಚಿಮುಕಿಸುವುದು. ಪ್ರದಕ್ಷಿಣೆಯ ಹಾದಿಗೆ ಬಿಳಿಯ ಸುಣ್ಣವನ್ನು ಬಳಿಯುವುದು ಅಥವಾ ಚಪ್ಪರವನ್ನು ಹಾಕಿಸುವುದು. ಜಾತ್ರೆಯ ದಿನ ದಾಸೋಹದ ಸಾಲಿನ ಬಳಿಯಲ್ಲಿ, ನೆರಳಿನಲ್ಲಿ, ಒಂದು ಕೊಡ ನೀರು, ಶುಭ್ರವಾದ ಬಟ್ಟೆ, ಪಾದಗಳನ್ನು ನೋಡಬಲ್ಲ ಒಬ್ಬ ದಾದಿ, ಇಷ್ಟನ್ನು ಇಡುವುದು.